ಗೊತ್ತಿಲ್ಲ ಎನ್ನದ ತೆಪ್ಪದವ

"ಗೊತ್ತಿಲ್ಲ" ಎಂಬ ಮಾತು ಬಾಯಿಂದ ಬಿದ್ದರೆ ತನ್ನ ಕಸುಬಿಗೇ ಅವಮಾನ ಎಂದು ನಂಬಿದ್ದ ಮನುಷ್ಯ ಅವನು. ಹನುಮನಹಳ್ಳಿಯವನು. ಹೊಳೆಯಲ್ಲಿ ತೆಪ್ಪ ಹಾಕುತ್ತಿದ್ದ. ಅಣೆಕಟ್ಟೆಯಿಂದ ನೀರು ಬಿಟ್ಟು ತೆಪ್ಪಗಳೆಲ್ಲ ದಂಡೆಯ ಮೇಲೆ ಬೋರಲು ಬಿದ್ದಿರುವ ದಿನಗಳಲ್ಲಿ ಪ್ರವಾಸಿಗರನ್ನು ಅಂಜನಾದ್ರಿ ಬೆಟ್ಟಕ್ಕೂ ಆನೆಗೊಂದಿಯ ಓಣಿಗಳಿಗೂ ಕರೆದುಕೊಂಡು ಹೋಗುತ್ತಿದ್ದ. ಹಕ್ಕಿಯೊಂದು ಹಾರಿಹೋದರೆ ಅದರ ಹೆಸರೇನು ಎಂದು ವಿದೇಶಿಯರು ಕೇಳುತ್ತಾರೆ. ಇವನು ಆ ಕ್ಷಣವೇ ಒಂದು ಹೆಸರು ಹೇಳುತ್ತಿದ್ದ. ಅದೇ ಹಕ್ಕಿ ಮರುದಿನ ಬಂದರೆ ಬೇರೆ ಹೆಸರು. ಬೆಟ್ಟಕ್ಕೆ ಎಷ್ಟು ಮೆಟ್ಟಿಲು ಎಂದು ಕೇಳಿದರೆ ಕೇಳಿದವರ ಹೊಟ್ಟೆ ನೋಡಿ ಲೆಕ್ಕ ಹೇಳುತ್ತಿದ್ದ. ದಪ್ಪಗಿದ್ದವರಿಗೆ ಕಡಿಮೆ, ತೆಳ್ಳಗಿದ್ದವರಿಗೆ ಜಾಸ್ತಿ. ಹಾಗೇಕೆ ಎಂದು ನಾನೊಮ್ಮೆ ಗದರಿದ್ದಕ್ಕೆ, ದಪ್ಪನವರು ಹೆದರಿ ಹಿಂದಕ್ಕೆ ಹೋಗಬಾರದು, ತೆಳ್ಳನವರಿಗೆ ಹತ್ತಿದ ಮೇಲೆ ಹೆಮ್ಮೆ ಅನಿಸಬೇಕು ಎಂದು ವಿವರಿಸಿದ್ದ. ಅದು ಸುಳ್ಳು ಎಂದು ಅವನಿಗೆ ಒಂದು ದಿನವೂ ಅನಿಸಿದ್ದಿಲ್ಲ.

ಈಗ ಅವನ ತೆಪ್ಪವನ್ನು ಬೇರೆ ಯಾರೋ ಹಾಕುತ್ತಾರೆ. ಅವನ ನೆನಪು ಒತ್ತಿ ಬಂದದ್ದು ಹೋದ ವಾರ ಕುಷ್ಟಗಿಯಿಂದ ಒಬ್ಬ ಹುಡುಗಿ ನಮ್ಮ ಮನೆ ಹುಡುಕಿಕೊಂಡು ಬಂದಾಗ. ಗಂಡ ಇಂಗ್ಲೆಂಡಿನಲ್ಲಿದ್ದಾನೆ, ಅವನ ಬಳಿ ಹೋಗಲು ಇಂಗ್ಲಿಷ್ ಕೇಳುವ, ಮಾತಾಡುವ ಪರೀಕ್ಷೆ ಪಾಸಾಗಬೇಕು, ಮೊದಲು ಏನು ಕಲಿಯಬೇಕು ಎಂದು ಕೇಳಿದಳು. ಮೊದಲು ಬಾಯಿ ಮುಚ್ಚಿಕೊಂಡು ಕೂರುವುದನ್ನು ಕಲಿ ಎಂದೆ. ಪಾಪ, ಬೆಪ್ಪಾದಳು. ಇಂಥವರು ಈಗ ವರ್ಷಕ್ಕೆ ಮೂರು ನಾಲ್ಕು ಮಂದಿ ಬರುತ್ತಾರೆ. ಮೊದಲು ಬಂದವನು ಆ ತೆಪ್ಪದವ.

ನಾನು ಗಂಗಾವತಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸುವವಳು. ಹುಟ್ಟಿದ್ದು ಯಲಬುರ್ಗಾ ಕಡೆಯ ಎರೆಹೊಲದ ಊರಿನಲ್ಲಿ. ನಮ್ಮ ಕಡೆ ಮಾತನ್ನು ಅಳೆದು ಆಡುತ್ತಾರೆ. ಈ ಹೊಳೆಸಾಲಿನವರ ಹರಟೆ ಕೇಳಿದರೆ ನನಗೆ ಮೊದಲಿನಿಂದಲೂ ತಲೆನೋವು. ಅಂಥ ನನ್ನ ಮನೆಯ ಮುಂದೆ, ಕೆಲವು ವರ್ಷಗಳ ಹಿಂದೆ ಶಾಲೆಗೆ ಬೇಸಿಗೆ ರಜೆ ಬಿಟ್ಟ ಹೊಸತರಲ್ಲಿ, ಅವನು ಮೋಟರ್ ಸೈಕಲ್ ನಿಲ್ಲಿಸಿ ಇಳಿದ. ತಲೆಗೆ ಯಾರೋ ಪ್ರವಾಸಿ ಕೊಟ್ಟ ಟೋಪಿ, ಟೋಪಿಯ ಮೇಲೆ ತಂಪು ಕನ್ನಡಕ, ಕಾಲಿಗೆ ಮಾತ್ರ ಚಪ್ಪಲಿ ಇಲ್ಲ. ವಯಸ್ಸು ಮೂವತ್ತು ದಾಟಿರಬೇಕು. ನೀರು ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು ಹೇಳಿದ:

"ಅಕ್ಕೋರ, ನನಗ ಇಂಗ್ಲಿಷ್ ಬರ್ತೈತ್ರಿ. ಪರೀಕ್ಷಾ ಬರೂದಿಲ್ಲ."

ಬೆಂಗಳೂರಿಗೆ ಹೋಗಿ ಒಂದು ಸಲ ಫೇಲಾಗಿ ಬಂದಿದ್ದ. ಅಲ್ಲಿ ಕುಳಿತಿದ್ದ ಮೇಡಮ್ಮಿಗೆ ತನ್ನ ಇಂಗ್ಲಿಷ್ ಕೇಳಿ ಹೊಟ್ಟೆಕಿಚ್ಚಾಗಿರಬೇಕು ಎಂಬುದು ಅವನ ಗುಮಾನಿ. ಓದುವುದು, ಬರೆಯುವುದು ಆ ಪರೀಕ್ಷೆಯಲ್ಲಿ ಇಲ್ಲ. ಕೇಳಬೇಕು, ಮಾತಾಡಬೇಕು, ಅಷ್ಟೇ. ಇಬ್ಬರನ್ನು ಜೋಡಿ ಮಾಡಿ ಒಂದು ಕೋಣೆಯಲ್ಲಿ ಕೂರಿಸುತ್ತಾರೆ. ಧ್ವನಿಮುದ್ರಣ ಹಾಕಿ ಅದರಲ್ಲಿ ಏನಿತ್ತು ಎಂದು ಪರೀಕ್ಷಕರು ಕೇಳುತ್ತಾರೆ. ಆಮೇಲೆ ಆ ಇಬ್ಬರೂ ಒಬ್ಬರಿಗೊಬ್ಬರು ಪ್ರಶ್ನೆ ಕೇಳಿ ಉತ್ತರ ಹೇಳಬೇಕು. ನಮ್ಮ ಎಂಟನೆಯ ತರಗತಿಯ ಜಾಣ ಹುಡುಗಿಯರು ಹೋದರೂ ಪಾಸಾದಾರು. ಇವನು ಹದಿನೈದು ವರ್ಷದಿಂದ ದಿನವೂ ಇಂಗ್ಲಿಷಿನಲ್ಲೇ ವ್ಯಾಪಾರ ಮಾಡಿ, ಇಂಗ್ಲಿಷಿನಲ್ಲೇ ಪ್ರೀತಿಸಿ ಮದುವೆಯಾದವನು. ಇವನು ಹೇಗೆ ಫೇಲಾದ ಎಂದು ನನಗೂ ಆಶ್ಚರ್ಯವಾಯಿತು.

ಹೆಂಡತಿ ಅಲ್ಲಿಯವಳು. ಬಂಡೆ ಹತ್ತುವ ಗುಂಪಿನ ಜೊತೆ ಬಂದವಳು ಒಂದು ಚಳಿಗಾಲ ಇಲ್ಲೇ ಉಳಿದಳು, ಮುಂದಿನ ಚಳಿಗಾಲ ಇವನಿಗಾಗಿಯೇ ಬಂದಳು. ಗಂಗಾವತಿಯಲ್ಲೇ ಮದುವೆ ನೋಂದಣಿಯಾಯಿತು. ಹೆರಿಗೆಗೆ ತನ್ನ ಊರಿಗೆ ಹೋದಳು. ನೌಕರಿ ಅಲ್ಲಿ, ಮನೆ ಅಲ್ಲಿ. ಮಗಳು ತಪ್ಪುಹೆಜ್ಜೆ ಇಡುವ ವಯಸ್ಸಿನಲ್ಲಿ ಒಮ್ಮೆ ಕರೆದುಕೊಂಡು ಬಂದಿದ್ದಳು. ಈಗ ಮಗಳಿಗೆ ನಾಲ್ಕು ತುಂಬಿದೆ. ಇಷ್ಟನ್ನೂ ಅವನು ಯಾವುದೋ ಗುಡಿಯ ಪುರಾಣ ಹೇಳುವ ಹಾಗೆ, ಕೈ ತಿರುಗಿಸಿ ತಿರುಗಿಸಿ ಹೇಳಿದ. ಮಾತಾಡುವಾಗ ಅವನ ಬಲಗೈ ಸದಾ ಗಾಳಿಯಲ್ಲಿ ಹುಟ್ಟು ಹಾಕುತ್ತಿತ್ತು. ಕೊನೆಗೆ ಕೈ ನಿಲ್ಲಿಸಿ, ಹೆಂಡತಿ ಕಳಿಸಿದ್ದ ಸಂದೇಶ ತೋರಿಸಿದ. ಮಗಳು ಸೆಪ್ಟೆಂಬರಿನಲ್ಲಿ ಶಾಲೆಗೆ ಸೇರುತ್ತಾಳೆ, ಅಷ್ಟರೊಳಗೆ ನೀನು ಬಾರದಿದ್ದರೆ, ಅಪ್ಪ ಬರುತ್ತಾನೆ ಎಂದು ಅವಳಿಗೆ ಹೇಳುವುದನ್ನು ನಾನು ನಿಲ್ಲಿಸುತ್ತೇನೆ ಎಂದು ಬರೆದಿದ್ದಳು. ಬೈಗುಳ ಇರಲಿಲ್ಲ, ಅಳು ಇರಲಿಲ್ಲ. ಓದಿದ ನನಗೇ ಗಾಬರಿಯಾಯಿತು.

"ಆಕಿ ಹಿಂಗ ಬರಿಯಾಕಿ ಅಲ್ರಿ. ಯಾಕ ಬರದಾಳೋ ಗೊತ್ತಾಗವಲ್ತು," ಎಂದ. ಅವನ ಬಾಯಿಂದ ಆ ಮಾತು ಬಂದದ್ದು ಎಷ್ಟು ಅಪರೂಪ ಎಂದು ಆಗ ನನಗೆ ತಿಳಿದಿರಲಿಲ್ಲ.

ಸಂಜೆ ಬಿಸಿಲು ಇಳಿದ ಮೇಲೆ ನಮ್ಮ ಪಡಸಾಲೆಯಲ್ಲಿ ಪಾಠ ಶುರುವಾಯಿತು. ಎರಡೇ ದಿನದಲ್ಲಿ ಅವನ ರೋಗ ಗೊತ್ತಾಯಿತು. ಅವನು ಕಿವಿಯಿಂದ ಕೇಳುತ್ತಲೇ ಇರಲಿಲ್ಲ, ಕಣ್ಣಿನಿಂದ ಕೇಳುತ್ತಿದ್ದ. ಎದುರಿನವರು ನಕ್ಕರೆ ನಗುವುದು, ಹುಬ್ಬು ಗಂಟಿಕ್ಕಿದರೆ ನೀರಿನ ಬಾಟಲಿ ಕೊಡುವುದು, ಬೆರಳು ಎತ್ತ ತೋರಿಸುತ್ತದೋ ಅತ್ತ ತೆಪ್ಪ ತಿರುಗಿಸುವುದು, ಎಲ್ಲದಕ್ಕೂ "ವೆರಿ ನೈಸ್" ಅನ್ನುವುದು. ಹದಿನೈದು ವರ್ಷ ಇಷ್ಟರಲ್ಲೇ ಕಳೆದಿದ್ದ. ಧ್ವನಿಮುದ್ರಣಕ್ಕೆ ಮುಖ ಎಲ್ಲಿಂದ ಬರಬೇಕು? ರೈಲು ಯಾವ ಪ್ಲಾಟ್‌ಫಾರ್ಮಿನಿಂದ ಹೊರಡುತ್ತದೆ ಎಂಬ ಪ್ರಶ್ನೆಗೆ, ಹೇಳಿ ಮುಗಿಸುವ ಮೊದಲೇ ಉತ್ತರ ಕೊಟ್ಟ. ತಪ್ಪು ಎಂದೆ. ಗುಂತಕಲ್ಲಿನಲ್ಲಿ ಅದೇ ಪ್ಲಾಟ್‌ಫಾರ್ಮು ಎಂದು ವಾದಕ್ಕೆ ನಿಂತ. ಇಂಗ್ಲೆಂಡಿನ ರೈಲಿಗೂ ಗುಂತಕಲ್ಲಿಗೂ ಏನು ಸಂಬಂಧ ಎಂದು ನಾನು ಪುಸ್ತಕ ಕುಕ್ಕಿದೆ. ಅವನು ನಕ್ಕು, ನೋ ಪ್ರಾಬ್ಲಮ್ ಎಂದ. ಆ ನಗು ನೋಡಿದರೆ ಎರಡು ಬಾರಿಸಬೇಕು ಅನಿಸುತ್ತಿತ್ತು.

ಮಾತಾಡುವುದೂ ಅಷ್ಟೇ. ಎಲ್ಲಿ ವಾಸ ಎಂದು ಕೇಳಿದರೆ ವಾಲಿ ಸುಗ್ರೀವರ ಜಗಳದಿಂದ ಶುರು. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀಯ ಎಂದರೆ, ನಿಮಗೆ ಸೂರ್ಯೋದಯ ನೋಡುವುದಿದ್ದರೆ ನಾಲ್ಕೂವರೆಗೆ ಬಂದು ಎಬ್ಬಿಸುತ್ತೇನೆ ಅನ್ನುತ್ತಿದ್ದ. ಜೋಡಿ ಅಭ್ಯಾಸಕ್ಕೆ ನನ್ನ ಗಂಡನನ್ನು ಎದುರು ಕೂರಿಸಿದೆ. ಅವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಇಂಗ್ಲಿಷಿನಲ್ಲಿ ಅವರು ಕೇಳಿದ್ದೆಲ್ಲ ತಂದೆಯ ಹೆಸರು, ಹುಟ್ಟಿದ ದಿನಾಂಕ, ಕಾಯಂ ವಿಳಾಸ. ಇವನು ಅವರಿಗೆ ಅರ್ಧ ಬೆಲೆಯಲ್ಲಿ ಸಾಣಾಪುರದ ಕೆರೆ ತೋರಿಸುವುದಾಗಿ ಹೇಳಿದ. ನಮ್ಮವರು ಆಯಿತು, ಭಾನುವಾರ ಬರುತ್ತೇನೆ ಎಂದರು. ನಾನು ಎದ್ದು ಒಳಗೆ ಹೋಗಿ ಕೊಡದ ನೀರು ಮುಖಕ್ಕೆ ಹಾಕಿಕೊಂಡೆ.

ಆ ಪರೀಕ್ಷೆಯಲ್ಲಿ ತಿಳಿಯದಿದ್ದರೆ ಇನ್ನೊಮ್ಮೆ ಹೇಳಿ ಎಂದು ಕೇಳಬಹುದು, ಹಾಗೆ ಕೇಳಿದ್ದಕ್ಕೆ ಅಂಕ ಕಡಿಮೆಯಾಗುವುದಿಲ್ಲ. ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಅವನು ಒಪ್ಪಲೇ ಇಲ್ಲ. ಅವನ ಪ್ರಕಾರ ಅದು ಸೋಲು.

"ನಡು ಹೊಳ್ಯಾಗ ತೆಪ್ಪ ಹಾಕಾಂವ ನನಗ ತಿಳೀಲಿಲ್ಲ ಅಂದ್ರ, ಒಳಗ ಕುಂತ ಮಂದಿ ಏನ್ ಮಾಡಬೇಕ್ರಿ?"

"ತಮ್ಮಾ, ಇದು ಹೊಳಿ ಅಲ್ಲ," ಎಂದೆ.

"ನನಗ ಎಲ್ಲಾ ಹೊಳೀನ ರಿ," ಎಂದ. ಅವತ್ತು ಅವನ ಮುಖದಲ್ಲಿ ನಗು ಇರಲಿಲ್ಲ. ಪರೀಕ್ಷೆಗೆ ಮೂರು ವಾರ ಉಳಿದಿತ್ತು. ಇದರಲ್ಲಿಯೂ ಫೇಲಾದರೆ ಮತ್ತೆ ತಾರೀಖು ಸಿಕ್ಕು, ಕಾಗದಪತ್ರ ಕಳಿಸಿ, ವೀಸಾ ಬರುವಷ್ಟರಲ್ಲಿ ಸೆಪ್ಟೆಂಬರ್ ದಾಟುತ್ತಿತ್ತು. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾವಿಬ್ಬರೂ ಅದರ ಮಾತೆತ್ತುತ್ತಿರಲಿಲ್ಲ.

ಪುಸ್ತಕದ ಧ್ವನಿಮುದ್ರಣಗಳಿಂದ ಪ್ರಯೋಜನವಿಲ್ಲ, ಇವನಿಗೆ ಬೇಕಾದವರ ಧ್ವನಿಯಾದರೆ ಗಮನವಿಟ್ಟು ಕೇಳಿಯಾನು ಎಂದು ನನಗೆ ಹೊಳೆಯಿತು. ಹೆಂಡತಿ ಮಗಳು ಕಳಿಸಿದ ಧ್ವನಿ ಸಂದೇಶ ಇವೆಯೇ ಎಂದೆ. ರಾಶಿ ಇದ್ದವು. ಮಗಳದೇ ಹೆಚ್ಚು. ತಾಯಿಯ ಫೋನು ತೆಗೆದುಕೊಂಡು ತಾನೇ ಗುಂಡಿ ಒತ್ತಿ ಮಾತಾಡುವುದನ್ನು ಆ ಮಗು ಕಲಿತಿತ್ತು. ಪ್ರತಿಯೊಂದರ ಕೆಳಗೂ ಇವನ ಉತ್ತರ. ಆದರೆ ಕೊನೆಯದು ಬಂದು ಒಂದು ತಿಂಗಳ ಮೇಲಾಗಿತ್ತು. ಅದಾದ ಮೇಲೆ ಏನೂ ಇಲ್ಲ. ಯಾಕೆ ಎಂದು ಕೇಳಿದೆ. ಈಗ ಫೋನು ಕೊಟ್ಟರೆ ಓಡಿಹೋಗುತ್ತಾಳಂತೆ, ದೊಡ್ಡವಳಾಗುತ್ತಿದ್ದಾಳಲ್ಲ, ನಾಚಿಕೆ ಇರಬೇಕು ಎಂದ.

ಅವನ ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ಹಾಕಿಸಿದೆ. ನನ್ನ ಮುಖ ನೋಡಿ ಉತ್ತರ ಹುಡುಕಬಾರದಲ್ಲ, ಅದಕ್ಕೆ. ಆ ಕೊನೆಯ ಸಂದೇಶವನ್ನೇ ಹಾಕಿದೆ.

ಮಗು ಬೇಗ ಬೇಗ ಮಾತಾಡಿತ್ತು. ನನಗೂ ಮೊದಲ ಸಲ ಪೂರ್ತಿ ತಿಳಿಯಲಿಲ್ಲ. ಎರಡನೆಯ ಸಲ ಹಾಕಿದಾಗ ತಿಳಿಯಿತು. ತಿಳಿದ ಕೂಡಲೇ ಫೋನನ್ನು ಅವನ ಕೈಯಿಂದ ದೂರ ಇಡಬೇಕು ಅನಿಸಿತು. ನರ್ಸರಿಯಲ್ಲಿ ಮಕ್ಕಳೆಲ್ಲ ನಿನಗೆ ಅಪ್ಪ ಇಲ್ಲ ಅನ್ನುತ್ತಾರೆ ಎಂದು ಆ ಮಗು ಹೇಳಿತ್ತು. ನನ್ನ ಅಪ್ಪ ದೋಣಿಯಲ್ಲಿ ಇದ್ದಾನೆ ಎಂದೆ, ಅವರು ಸುಳ್ಳು ಎಂದರು. ನನಗೆ ಅಪ್ಪ ಇದ್ದಾನಾ? ಹೀಗೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿತ್ತು, ಉತ್ತರಕ್ಕೆ ಕಾದ ಹಾಗೆ. ಆಮೇಲೆ ಸಂದೇಶ ಮುಗಿದಿತ್ತು.

ಅದರ ಕೆಳಗೆ ಇವನ ಉತ್ತರ ಇತ್ತು. ಅದನ್ನೂ ಹಾಕಿ ನೋಡಿದೆ. ಹೊಳೆಯ ಸದ್ದು, ಯಾರೋ ನಗುವ ಸದ್ದು, ನಡುವೆ ಇವನ ಗಟ್ಟಿ ಧ್ವನಿ: "ವೆರಿ ನೈಸ್ ಬೇಬಿ! ವೆರಿ ವೆರಿ ನೈಸ್!"

"ಏನಂದಾಳ್ರಿ?" ಗೋಡೆಯ ಕಡೆಗೇ ಮುಖ ಮಾಡಿ ಕುಳಿತು ಕೇಳಿದ. ಹೇಳಿಬಿಡಬಹುದಿತ್ತು. ಹೇಳುವುದು ನನ್ನಿಂದ ಆಗಲಿಲ್ಲ. ನಾಲಿಗೆ ಹೊರಳಲಿಲ್ಲ ಎನ್ನುವುದೂ ನಿಜ, ಇದನ್ನು ಅವನು ಇನ್ನೊಬ್ಬರ ಬಾಯಿಂದ ಕೇಳಬಾರದು ಅನಿಸಿದ್ದೂ ನಿಜ. ನೀನೇ ಕೇಳು ಎಂದು ಮತ್ತೆ ಹಾಕಿದೆ. ಅವನು ಏನೋ ಒಂದು ಊಹಿಸಿ ಹೇಳಿದ. ಅಲ್ಲ ಎಂದೆ. ಮತ್ತೆ ಹಾಕಿದೆ. ಈ ಸಲ ಊಹಿಸಲಿಲ್ಲ. ಇನ್ನೊಮ್ಮೆ ಹಾಕಿರಿ ಎಂದ. ಅವನು ಹಾಗೆ ಕೇಳಿದ್ದು ಅದೇ ಮೊದಲು. ಇನ್ನೊಮ್ಮೆ ಎಂದ, ಇನ್ನೊಮ್ಮೆ ಎಂದ. ಒಂದೊಂದೇ ಮಾತು ಅವನ ಬೆನ್ನಿನೊಳಗೆ ಇಳಿಯುತ್ತಿರುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿದ್ದರೂ ನಾನು ಏಳಲಿಲ್ಲ. ಕೊನೆಗೆ ಅವನು ಕೈ ಹಿಂದಕ್ಕೆ ಚಾಚಿ ಫೋನು ತೆಗೆದುಕೊಂಡ, ಎದ್ದ, ನನ್ನ ಕಡೆ ನೋಡದೆ ಅಂಗಳ ದಾಟಿ ಹೋದ. ಚಹಾ ಹಾಗೇ ಆರಿತು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನು ಎತ್ತಲಿಲ್ಲ. ನನಗೆ ಕೆಟ್ಟ ಕೆಟ್ಟ ಯೋಚನೆ ಬರತೊಡಗಿತು. ಹೊಳೆಯ ಕಸುಬಿನವನು, ಬೇಸಿಗೆಯಲ್ಲೂ ಆಳವಿರುವ ಮಡುವು ಯಾವುದು ಎಂದು ಚೆನ್ನಾಗಿ ಬಲ್ಲವನು. ನಮ್ಮವರ ಮುಂದೆ ಹೇಳಿದರೆ, ಏನಾಗಿಲ್ಲ, ಸುಮ್ಮನಿರು ಎಂದರು. ನಾನು ಸುಮ್ಮನಿರುವವಳಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಬಸ್ಸು ಹತ್ತಿ ಹನುಮನಹಳ್ಳಿಗೆ ಹೋದೆ. ದಾರಿಯುದ್ದಕ್ಕೂ ಗದ್ದೆ, ಬಂಡೆ, ಮತ್ತೆ ಗದ್ದೆ. ಎಷ್ಟೋ ಸಲ ನೋಡಿದ ದಾರಿ ಅವತ್ತು ಮುಗಿಯಲೇ ಒಲ್ಲದು.

ಹೊಳೆಯ ದಂಡೆಗೆ ಇಳಿದಾಗ ಅವನ ತೆಪ್ಪ ನೀರಿನ ನಡುವೆ ಇತ್ತು. ಒಳಗೆ ಇಬ್ಬರು ಬಿಳಿಯ ಹೆಂಗಸರು. ಸಾಮಾನ್ಯವಾಗಿ ಅವನ ತೆಪ್ಪ ಎಲ್ಲಿದೆ ಎಂದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ಅವತ್ತು ಹುಟ್ಟಿನ ಸದ್ದು ಬಿಟ್ಟರೆ ಏನೂ ಇಲ್ಲ. ದಂಡೆ ಹತ್ತಿರವಾದಾಗ ಅದರಲ್ಲೊಬ್ಬಳು ಬಂಡೆಯ ಮೇಲೆ ಕುಳಿತ ಹಕ್ಕಿ ತೋರಿಸಿ ಏನೋ ಕೇಳಿದಳು. ಅವನು ಹಕ್ಕಿಯನ್ನು ನೋಡಿದ, ತಲೆ ಅಲ್ಲಾಡಿಸಿ, ಐ ಡೋಂಟ್ ನೋ ಎಂದ. ಆಕೆ ಪರವಾಗಿಲ್ಲ ಎಂಬಂತೆ ನಕ್ಕು ತನ್ನ ಕ್ಯಾಮೆರಾದಲ್ಲಿ ಮಗ್ನಳಾದಳು. ತೆಪ್ಪ ಮುಳುಗಲಿಲ್ಲ.

ಹೆಂಗಸರು ಹೋದ ಮೇಲೆ ಮರಳಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತ. ನಾನು ಬಂದದ್ದು ಅವನಿಗೆ ಆಶ್ಚರ್ಯ ಅನಿಸಿದ ಹಾಗೆ ಕಾಣಲಿಲ್ಲ. ಹೆಂಡತಿ ಆ ಸಂದೇಶ ಬರೆದದ್ದು ಯಾಕೆ ಎಂದು ಈಗ ತಿಳಿಯಿತು ಎಂದ. ಮಗಳ ಪ್ರಶ್ನೆಗೂ ಹೆಂಡತಿಯ ಸಂದೇಶಕ್ಕೂ ನಡುವೆ ನಾಲ್ಕೇ ದಿನ ಇದ್ದವಂತೆ. ಆಮೇಲೆ ಬಹಳ ಹೊತ್ತು ಮರಳು ಗೀಚಿದ.

"ಇಷ್ಟು ವರ್ಷದಾಗ ನಾ ಯಾರ ಮಾತೂ ಕೇಳಿಲ್ರಿ ಅಕ್ಕೋರ. ಬರೇ ಹೇಳೀನಿ."

ಅವನಿಗೆ ಸಮಾಧಾನ ಹೇಳಬೇಕಿತ್ತು. ನನಗೆ ಅಂಥ ಮಾತು ಬರುವುದಿಲ್ಲ. ಸಂಜೆ ಪಾಠಕ್ಕೆ ಬಾ ಎಂದಷ್ಟೇ ಹೇಳಿ ಎದ್ದೆ. ಅವನ ಮೇಲೆ ನನಗೆ ಇದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ.

ಸಂಜೆ ಬಂದ. ಟೋಪಿ ಇರಲಿಲ್ಲ, ಕನ್ನಡಕ ಇರಲಿಲ್ಲ. ತಾನೇ ಕುರ್ಚಿಯನ್ನು ಗೋಡೆಗೆ ತಿರುಗಿಸಿ ಕುಳಿತ. ಮೊದಲು ಮಗಳಿಗೆ ಉತ್ತರ ಕಳಿಸಬೇಕು ಎಂದ. ಏನು ಹೇಳಬೇಕು ಎಂದು ನಾನು ಬರೆದುಕೊಡಲು ಹೋದೆ, ಬೇಡ ಎಂದ. ಗುಂಡಿ ಒತ್ತಿ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದ. ನಿನಗೆ ಅಪ್ಪ ಇದ್ದಾನೆ, ಆ ಅಪ್ಪ ನಾನು. ಅವತ್ತು ನೀನು ಹೇಳಿದ್ದು ನನಗೆ ತಿಳಿಯಲಿಲ್ಲ, ತಿಳಿದವನ ಹಾಗೆ ಮಾಡಿದೆ. ಈಗ ಕೇಳುವುದನ್ನು ಕಲಿಯುತ್ತಿದ್ದೇನೆ. ನೀನು ಮಾತಾಡು. ಇಷ್ಟೇ. ಅದರಲ್ಲಿ ಎರಡು ಮೂರು ವ್ಯಾಕರಣದ ತಪ್ಪಿದ್ದವು. ತಪ್ಪು ಕಿವಿಗೆ ಬಿದ್ದೂ ಸುಮ್ಮನೆ ಬಿಟ್ಟದ್ದು ನನ್ನ ನೌಕರಿಯಲ್ಲಿ ಅದೊಂದೇ ಸಲ.

ಉತ್ತರ ಬರಲಿಲ್ಲ. ಎರಡು ದಿನದ ಮೇಲೆ ಹೆಂಡತಿ ಬರೆದಳು: ಹಾಕಿ ಕೇಳಿಸಿದೆ, ಪೂರ್ತಿ ಕೇಳಿದಳು, ಏನೂ ಹೇಳದೆ ಫೋನು ವಾಪಸು ಕೊಟ್ಟಳು. ಅವನು ಅದನ್ನು ನನಗೆ ತೋರಿಸಿ ಜೇಬಿಗೆ ಹಾಕಿಕೊಂಡ. ಪಾಠ ನಡೆಯಿತು. ಈಗ ಅವನು ಕೇಳುತ್ತಿದ್ದ ರೀತಿ ನೋಡಿದರೆ ನನಗೆ ಒಂದು ನಮೂನೆ ಭಯವಾಗುತ್ತಿತ್ತು. ಕಣ್ಣು ಮುಚ್ಚಿ, ಉಸಿರು ಹಿಡಿದು, ಕುತ್ತಿಗೆಯ ನರ ಬಿಗಿಮಾಡಿ ಕೇಳುತ್ತಿದ್ದ. ಪುಸ್ತಕದ ಯಾರೋ ಹೆಂಗಸು ಅಂಗಡಿಯಲ್ಲಿ ಬ್ರೆಡ್ಡು ಕೊಳ್ಳುವ ಮಾತನ್ನೂ ಹಾಗೇ ಕೇಳುತ್ತಿದ್ದ. ತಿಳಿಯದಿದ್ದರೆ ಇನ್ನೊಮ್ಮೆ ಎನ್ನುತ್ತಿದ್ದ. ನಮ್ಮವರು ಎದುರು ಕುಳಿತು ಕಾಯಂ ವಿಳಾಸ ಕೇಳಿದರೆ ಕಾಯಂ ವಿಳಾಸವನ್ನಷ್ಟೇ ಹೇಳಿ, ನಿಮ್ಮದು ಎಲ್ಲಿ ಎಂದು ಕೇಳಿ, ಅವರು ತಮ್ಮ ಇಂಗ್ಲಿಷಿನಲ್ಲಿ ಒದ್ದಾಡಿ ಮುಗಿಸುವ ತನಕ ಕಾಯುತ್ತಿದ್ದ. ನನಗೆ ಆ ಹಳೆಯ ಹರಟೆಮಲ್ಲನೇ ವಾಸಿ ಅನಿಸುವ ಹೊತ್ತೂ ಇತ್ತು.

ಪರೀಕ್ಷೆಯ ಹಿಂದಿನ ಸಂಜೆ ಬೆಂಗಳೂರಿನ ರೈಲು ಹತ್ತಿದ. ಮರುದಿನ ನಾನು ಮನೆಯಲ್ಲಿ ಮಾಡಿದ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಹನ್ನೊಂದಕ್ಕೆ ಅವನ ಸರದಿ. ಹನ್ನೆರಡಾಯಿತು, ಒಂದಾಯಿತು, ಫೋನು ಬಂದ್ ಆಗಿಯೇ ಇತ್ತು. ಎರಡರ ಮೇಲೆ ಕರೆ ಬಂತು. ರಸ್ತೆಯ ಸದ್ದು. ಹೇಗಾಯಿತು ಎಂದೆ. ಗೊತ್ತಿಲ್ಲ ಎಂದ.

ಆಮೇಲೆ ನಿಧಾನವಾಗಿ ಹೇಳಿದ. ಜೋಡಿಯಾಗಿ ಸಿಕ್ಕವಳು ಆಂಧ್ರದ ಒಬ್ಬ ಹುಡುಗಿ, ಹೊಸದಾಗಿ ಮದುವೆಯಾದವಳು. ತಲೆ ತಗ್ಗಿಸಿ ಕುಳಿತಿದ್ದಳಂತೆ. ಮೊದಲಿನ ಅವನಾಗಿದ್ದರೆ ಇಬ್ಬರ ಪಾಲಿನದನ್ನೂ ತಾನೇ ಮಾತಾಡಿ ಎದ್ದು ಬರುತ್ತಿದ್ದ. ಧ್ವನಿಮುದ್ರಣ ಸರಿಯಾಗಿ ಕೇಳಿ ಉತ್ತರ ಹೇಳಿದನಂತೆ. ಆಮೇಲೆ ಇಬ್ಬರೂ ಕುಟುಂಬದ ಬಗ್ಗೆ ಮಾತಾಡಿಕೊಳ್ಳಿ ಎಂದರಂತೆ. ಆ ಹುಡುಗಿ ಕೇಳಿದ ಮೊದಲ ಪ್ರಶ್ನೆಯೇ, ನಿಮಗೆ ಮಕ್ಕಳಿದ್ದಾರಾ ಎಂದು.

"ಬಾಯೇ ಬರಲಿಲ್ರಿ. ನೀರಾಗ ಹುಟ್ಟು ಕೈ ಜಾರಿದಂಗ ಆತು. ಅಲ್ಲಿ ಕುಂತ ಮೇಡಂ ಗಡಿಯಾರ ನೋಡಾಕತ್ತಿದ್ರು."

ಕೊನೆಗೆ, ಒಬ್ಬಳು ಮಗಳಿದ್ದಾಳೆ, ನಾಲ್ಕು ವರ್ಷ, ಈಗ ನನ್ನ ಜೊತೆ ಮಾತಾಡುವುದಿಲ್ಲ ಎಂದನಂತೆ. ಯಾಕೆ ಎಂದಳು ಆ ಹುಡುಗಿ. ಅದು ಪರೀಕ್ಷೆಯ ಪ್ರಶ್ನೆಯೋ, ನಿಜವಾಗಿ ಕೇಳಿದಳೋ ಗೊತ್ತಾಗಲಿಲ್ಲವಂತೆ. ನಾನು ಅವಳ ಮಾತು ಸರಿಯಾಗಿ ಕೇಳಲಿಲ್ಲ, ಅದಕ್ಕೆ ಎಂದು ಹೇಳಿದ. ಆಮೇಲೆ ಇವನು ಅವಳ ಗಂಡನ ಬಗ್ಗೆ ಕೇಳಿದ. ಆಕೆ ಗುಬ್ಬಿಯ ದನಿಯಲ್ಲಿ ಏನೋ ಅಂದಳು. ತಿಳಿಯಲಿಲ್ಲ, ದಯವಿಟ್ಟು ಇನ್ನೊಮ್ಮೆ ಎಂದ. ಆಗಲೂ ತಿಳಿಯಲಿಲ್ಲ, ಮತ್ತೊಮ್ಮೆ ಕೇಳಿದ. ಮೂರನೆಯ ಸಲ ಆಕೆ ತಲೆ ಎತ್ತಿ ಗಟ್ಟಿಯಾಗಿ ಹೇಳಿದಳಂತೆ. ಇಷ್ಟು ಹೇಳಿ, ಫೇಲ್ ಆಗೀನೋ ಏನೋ ರಿ ಎಂದು ಫೋನು ಇಟ್ಟ.

ಒಂದು ವಾರಕ್ಕೆ ಫಲಿತಾಂಶ ಬಂತು. ಪಾಸಾಗಿದ್ದ. ಫೋನಿನ ಪರದೆ ಹಿಡಿದು ತೋರಿಸಲು ಮನೆಗೆ ಬಂದ. ನಮ್ಮವರು ಪೇಟೆಗೆ ಹೋಗಿ ಪೇಡೆ ತಂದರು. ಅವನು ಒಂದನ್ನು ಕೈಯಲ್ಲಿ ಹಿಡಿದು ತಿನ್ನದೆ ಕುಳಿತಿದ್ದ. ಕಾಗದಗಳನ್ನು ಕಳಿಸಬೇಕು, ವಕೀಲರ ಬಳಿ ಹೋಗಬೇಕು ಎಂದೆಲ್ಲ ನಾವೇ ಮಾತಾಡಿದೆವು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಹೇಳಿದ:

"ಸರಕಾರ ಬಾ ಅಂತೈತ್ರಿ. ಆಕಿ ಇನ್ನಾ ಅಂದಿಲ್ಲ."

ಮಗು ಬಾ ಎನ್ನದಿದ್ದರೆ ಹೋಗುವುದಿಲ್ಲವೇ ಎಂದು ಕೇಳಬೇಕು ಅನಿಸಿತು. ಉತ್ತರ ಏನು ಬಂದೀತೋ ಎಂದು ಹೆದರಿ ಕೇಳಲಿಲ್ಲ.

ಶಾಲೆ ಶುರುವಾಯಿತು. ಮೊದಲ ಮಳೆ ಬಿದ್ದು ಅಂಗಳವೆಲ್ಲ ಕೆಸರು. ಒಂದು ದಿನ ಮಧ್ಯಾಹ್ನ ಬಿಸಿಯೂಟದ ಹೊತ್ತಿನಲ್ಲಿ ಗೇಟಿನ ಹೊರಗೆ ಅವನು ನಿಂತದ್ದು ಕಂಡಿತು. ಒಳಗೆ ಬಾ ಎಂದು ಕೈ ಮಾಡಿದೆ. ಬಂದ. ಮುಖ ಸುಟ್ಟ ಹಾಗಿತ್ತು. ಏನಾಯಿತು ಎಂದು ಕೇಳುವುದರೊಳಗೆ ಫೋನು ಮುಂದೆ ಹಿಡಿದ. ಮಗಳಿಂದ ಧ್ವನಿ ಸಂದೇಶ ಬಂದಿತ್ತು. ಬೆಳಿಗ್ಗೆಯೇ ಬಂದದ್ದು. ಇನ್ನೂ ತೆರೆದಿರಲಿಲ್ಲ.

"ಕೇಳಿಲ್ಲೇನು?"

"ಒಬ್ಬಾಂವಗ ಧೈರ್ಯ ಆಗ್ಲಿಲ್ರಿ."

ಸುತ್ತ ಮಕ್ಕಳ ಗದ್ದಲ, ತಟ್ಟೆಗಳ ಸದ್ದು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಊಟಕ್ಕೆ ಕುಳಿತಿದ್ದರು. ಖಾಲಿ ಇದ್ದ ಒಂಬತ್ತನೆಯ ತರಗತಿಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದೆ. ಕುಳಿತುಕೊಳ್ಳಲಿಲ್ಲ. ಕಿಟಕಿಯ ಬಳಿ ಹೋಗಿ ನನಗೆ ಬೆನ್ನು ಮಾಡಿ ನಿಂತು ಫೋನನ್ನು ಕಿವಿಗೆ ಒತ್ತಿ ಹಿಡಿದ. ನನಗೆ ಏನೂ ಕೇಳಿಸಲಿಲ್ಲ. ಸಂದೇಶ ಉದ್ದವಿತ್ತು. ಅವನು ಹುಟ್ಟು ಹಾಕುವ ಬಲಗೈ ಕಿಟಕಿಯ ಸರಳು ಹಿಡಿದಿತ್ತು. ಒಂದು ಸಲ ಸರಳು ಬಿಟ್ಟು ಕಣ್ಣು ಒರೆಸಿಕೊಂಡು ಮತ್ತೆ ಹಿಡಿಯಿತು. ಮುಗಿಯಿತು ಎಂದುಕೊಂಡೆ, ಮುಗಿದಿರಲಿಲ್ಲ. ಬೈದಳೋ, ಬರಬೇಡ ಎಂದಳೋ, ಏನು ಮಾತಾಡುತ್ತಿದೆ ಆ ಮಗು ಇಷ್ಟು ಹೊತ್ತು ಎಂದು ಜೀವ ಹಿಡಿಯಾಯಿತು.

ಫೋನು ಕಿವಿಯಿಂದ ಇಳಿಸಿದ. ತಿರುಗಲಿಲ್ಲ.

"ಏನಂದ್ಳು?" ಎಂದೆ.

ಬಸವನಹುಳು ಒಂದನ್ನು ಡಬ್ಬಿಯಲ್ಲಿ ಸಾಕಿದ್ದಾಳಂತೆ ಎಂದ. ಅದಕ್ಕೆ ಸೊಪ್ಪು ಹಾಕುತ್ತಾಳಂತೆ. ಟೀಚರ ಬೂಟು ಕೆಂಪು ಅಂತೆ. ಗೆಳತಿಯೊಬ್ಬಳು ಬಣ್ಣದ ಪೆನ್ಸಿಲ್ ಮುರಿದಳಂತೆ. ಇಷ್ಟೇನಾ ಎಂದು ಕೇಳಿದೆ. ಇಲ್ಲ, ಇನ್ನೂ ಬಹಳ ಇದೆ, ಅರ್ಧವಷ್ಟೇ ತಿಳಿಯಿತು ಎಂದ. ನನ್ನ ಕೈಗೆ ಕೊಡು, ಉಳಿದದ್ದನ್ನು ಕೇಳಿ ಹೇಳುತ್ತೇನೆ ಎಂದು ಕೈ ಚಾಚಿದೆ.

ಅವನು ಫೋನನ್ನು ಅಂಗಿಯ ಜೇಬಿಗೆ ಹಾಕಿ, ಮೇಲೆ ಅಂಗೈ ಇಟ್ಟುಕೊಂಡ.

"ಬ್ಯಾಡ್ರಿ ಅಕ್ಕೋರ. ಉಳಿದರ್ಧ ಅಲ್ಲೇ ಹೋಗಿ ಆಕೀನ ಕೇಳ್ತೀನಿ."